ಟ್ರಿಪ್ ಲೀಡರು

ಟ್ರಿಪ್ ಲೀಡರನನ್ನು ಯಾರೂ ಆರಿಸಿರುವುದಿಲ್ಲ. "ಎಲ್ಲಾದ್ರೂ ಹೋಗೋಣ ಕಣ್ರೋ" ಎಂದು ಗುಂಪಿನಲ್ಲಿ ಯಾರೋ ನಿಟ್ಟುಸಿರಿಟ್ಟಾಗ "ಎಲ್ಲಿಗೆ?" ಎಂದು ಕೇಳಿದವನೇ ಲೀಡರು. ವರ್ಷದ ಹತ್ತು ತಿಂಗಳು ಅವನು ಬೆಂಗಳೂರಿನ ಒಬ್ಬ ಸಾಧಾರಣ ನೌಕರ. ಜೂನ್ ಮೊದಲ ವಾರ ಮುಂಗಾರು ಕರಾವಳಿ ಮುಟ್ಟಿತೆಂಬ ಸುದ್ದಿ ಬಂದದ್ದೇ ತಡ, ಗೋಕರ್ಣ ಅವನ ಮೈಮೇಲೆ ಬರುತ್ತದೆ. ಬೇಸಿಗೆಯಲ್ಲಿ ಕಡಲು ನೋಡುವವರು ಬರೀ ಪ್ರವಾಸಿಗಳು, ಮಳೆಯಲ್ಲಿ ನೋಡುವವರೇ ರಸಿಕರು ಎಂಬುದು ಅವನ ಸಿದ್ಧಾಂತ.

ಮೊದಲ ಹಂತ ವಾಟ್ಸಾಪ್ ಗುಂಪು. ಅದರ ಹೆಸರು 'ಗೋಕರ್ಣ' ಎಂದು ಶುರುವಾಗಿ, ದಿನಾಂಕ ಬದಲಾದಂತೆಲ್ಲ 'ಗೋಕರ್ಣ ಫೈನಲ್', 'ಗೋಕರ್ಣ ಫೈನಲ್ ಪಕ್ಕಾ' ಎಂದು ಬೆಳೆಯುತ್ತದೆ. ಹನ್ನೆರಡು ಜನ ಹೆಬ್ಬೆಟ್ಟು ಒತ್ತುತ್ತಾರೆ. ಅದನ್ನು ನಂಬಿ ಅವನು ಹನ್ನೆರಡು ಸೀಟಿನ ಟಿಟಿಗೆ ಅಡ್ವಾನ್ಸ್ ಕೊಡುತ್ತಾನೆ. ಹೊರಡುವ ಹಿಂದಿನ ರಾತ್ರಿ ಒಬ್ಬನ ಅತ್ತೆಮನೆಯಲ್ಲಿ ಸತ್ಯನಾರಾಯಣ ಪೂಜೆ, ಇನ್ನೊಬ್ಬನಿಗೆ ಜ್ವರ, ಮತ್ತೊಬ್ಬನ ಫೋನು ಸ್ವಿಚ್ ಆಫ್. ಉಳಿಯುವವರು ಏಳು ಜನ, ಉಳಿಯದಿರುವುದು ಐದು ಸೀಟಿನ ದುಡ್ಡು. ಅಷ್ಟಾದರೂ ಅವನ ಎಕ್ಸೆಲ್ ಶೀಟು ಕದಲುವುದಿಲ್ಲ. 'ಸಂಜೆ 7:00, ಓಂ ಬೀಚ್, ಸೂರ್ಯಾಸ್ತ' ಎಂದು ಅದರಲ್ಲಿ ದಪ್ಪಕ್ಷರದಲ್ಲಿರುತ್ತದೆ. ಆ ಶೀಟು ಸೂರ್ಯನಿಗೆ ಮಾತ್ರ ಶೇರ್ ಆಗಿರುವುದಿಲ್ಲ.

ಪ್ರಯಾಣ ರಾತ್ರಿ ಒಂಬತ್ತಕ್ಕೆಂದು ನಿಗದಿಯಾಗಿ ಹನ್ನೊಂದೂವರೆಗೆ ಆರಂಭವಾಗುತ್ತದೆ. "ಹತ್ತೇ ನಿಮಿಷ ಮಗಾ, ದಾರಿಯಲ್ಲಿದೀನಿ" ಎಂದವನು ಆಗ ತಲೆಗೆ ಸ್ನಾನ ಮಾಡುತ್ತಿರುತ್ತಾನೆ. ತುಮಕೂರು, ಶಿವಮೊಗ್ಗ, ಸಾಗರ ದಾಟಿ ಬೆಳಿಗ್ಗೆ ಜೋಗದಲ್ಲಿ ಗಾಡಿ ನಿಲ್ಲುತ್ತದೆ. 253 ಮೀಟರ್ ಎತ್ತರದಿಂದ ಧುಮುಕುವ ಶರಾವತಿ ಆ ಹೊತ್ತಿಗೆ ಮಂಜಿನ ಹಿಂದೆ ಬರೀ ಸದ್ದು. "ಐದು ನಿಮಿಷ ಇರಿ, ಸರಿಯುತ್ತೆ" ಎನ್ನುತ್ತಾ ಲೀಡರು ಮಂಜಿನ ಪರವಾಗಿ ಒಂದು ಗಂಟೆ ವಕಾಲತ್ತು ವಹಿಸುತ್ತಾನೆ. ಆಮೇಲೆ ಘಟ್ಟ ಇಳಿದು, ಹೊನ್ನಾವರ, ಕುಮಟಾ ಹಾದು ಗೋಕರ್ಣ.

ಗೋಕರ್ಣ ಪೇಟೆಯ ದಕ್ಷಿಣಕ್ಕೆ ಗುಡ್ಡಗಳು ಕಡಲಿಗೇ ಮೂಗು ಚಾಚಿವೆ. ಎರಡು ಮೂಗಿನ ನಡುವೆ ಒಂದೊಂದು ಮರಳಿನ ಬಾಗು: ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್. ಇವುಗಳ ನಡುವಿನ ಕಾಲುದಾರಿ ಕೆಂಪುಕಲ್ಲಿನ ಮೇಲೆ ಹಾದುಹೋಗುತ್ತದೆ. ಮಳೆಗಾಲದಲ್ಲಿ ಕಲ್ಲಿಗೆ ಪಾಚಿ ಹಿಡಿದು, ಬೆಟ್ಟ ಹತ್ತಿದಷ್ಟೇ ವೇಗದಲ್ಲಿ ಹಿಂದಕ್ಕೆ ಬರಬಹುದು. ನೈಋತ್ಯದ ಗಾಳಿ ಅಲೆಗಳನ್ನು ನೇರ ದಡಕ್ಕೆ ಅಪ್ಪಳಿಸುವುದರಿಂದ ಮರಳು ಕೊಚ್ಚಿಹೋಗಿ ಬೀಚು ಕಿರಿದಾಗಿರುತ್ತದೆ. ಅಂಗಡಿಗಳು ನೀಲಿ ಟಾರ್ಪಾಲು ಹೊದ್ದು ಮಲಗಿರುತ್ತವೆ. "ಈ ಮಳೇಲಿ ಎಂತಕ್ ಬಂದ್ರಿ ಮಾರಾಯ್ರೆ?" ಎಂದು ಊರವರು ಕೇಳಿದರೆ ಗೆಳೆಯರೆಲ್ಲ ಲೀಡರನ ಕಡೆ ತಿರುಗುತ್ತಾರೆ. ಅವನು ಮೋಡವನ್ನು ತಾನೇ ಮುಂಗಡ ಬುಕ್ ಮಾಡಿದವನಂತೆ ಕೈಯಗಲಿಸಿ, "ಇದಕ್ಕೇ" ಎನ್ನುತ್ತಾನೆ.

ನೀರಿಗಿಳಿಯಬೇಡಿ ಎಂದು ಜೀವರಕ್ಷಕರು ಸೀಟಿ ಊದುತ್ತಾರೆ. ಪಾದ ಮಾತ್ರ ಒದ್ದೆ ಮಾಡಿಕೊಳ್ಳುತ್ತೇವೆಂದು ಹೋದವರು ಸೊಂಟದವರೆಗೆ ನೆನೆಯುತ್ತಾರೆ. ಅವರ ಮೊಬೈಲು, ಪರ್ಸು, ಚಪ್ಪಲಿ, ಕನ್ನಡಕಗಳೆಲ್ಲ ಲೀಡರನ ಕೈಯಲ್ಲಿ. ರಾವಣನ ಆತ್ಮಲಿಂಗವನ್ನು ಹಿಡಿದು ನಿಂತ ವಟುವೇಷದ ಗಣಪತಿಯ ಕಥೆ ಇದೇ ಕ್ಷೇತ್ರದ್ದು. ಗಣಪತಿ ಜಾಣ, ಮೂರು ಸಲ ಕೂಗಿ ನೆಲಕ್ಕಿಟ್ಟುಬಿಟ್ಟ. ಲೀಡರು ಮೂವತ್ತು ಸಲ ಕೂಗಿದರೂ ಹಿಡಿದದ್ದನ್ನು ಕೆಳಗಿಡುವುದಿಲ್ಲ. ತಲೆ ಎಣಿಸುವುದರಲ್ಲೇ ಅವನ ಹೊತ್ತು ಕಳೆಯುತ್ತದೆ: ಆರು, ಐದು, ಮತ್ತೆ ಆರು. ಅವನು ನೋಡಿದ ಸಮುದ್ರವೆಂದರೆ ಆ ಆರು ತಲೆಗಳ ನಡುವೆ ಕಂಡಷ್ಟೇ.

ಊಟದಲ್ಲಿ ಅವನ ಮಾನ ಇನ್ನಷ್ಟು ಹೋಗುತ್ತದೆ. "ಬಲೆಯಿಂದ ನೇರ ತಟ್ಟೆಗೆ" ಎಂದು ಅವನು ಆಸೆ ಹುಟ್ಟಿಸಿರುತ್ತಾನೆ. ಆದರೆ ಮೀನು ಮರಿ ಮಾಡುವ ಕಾಲವೆಂದು ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಇದನ್ನು ಬಲ್ಲ ಊರವರು ಬೇಸಿಗೆಯಲ್ಲೇ ಒಣಮೀನು ಕೂಡಿಟ್ಟಿರುತ್ತಾರೆ. ಎಕ್ಸೆಲ್ ಶೀಟು ಏನನ್ನೂ ಕೂಡಿಟ್ಟಿರುವುದಿಲ್ಲ. ಉಳಿದ ಆರು ಜನ ಕುಚ್ಚಲಕ್ಕಿ ಅನ್ನಕ್ಕೆ ಸಾರು ಕಲಸಿಕೊಂಡು ಅವನನ್ನೇ ನಂಚಿಕೊಳ್ಳುತ್ತಾರೆ.

ಟ್ರಿಪ್ಪಿನ ಕೊನೆಯ ಹಂತ ಲೆಕ್ಕಾಚಾರ, ಟ್ರಿಪ್ಪಿಗಿಂತ ದೀರ್ಘವಾದದ್ದು. ಟೀ ಕುಡಿಯದವನು ಟೀ ದುಡ್ಡು ಕೊಡುವುದಿಲ್ಲ. ಘಟ್ಟದಲ್ಲಿ ವಾಂತಿ ಮಾಡಿಕೊಂಡವನು ತಿಂಡಿಯ ಪಾಲಿನಲ್ಲಿ ರಿಯಾಯಿತಿ ಕೇಳುತ್ತಾನೆ. ತಿಂಗಳೊಳಗೆ ಇಬ್ಬರು ಪೂರ್ತಿ ಕೊಡುತ್ತಾರೆ, ಇಬ್ಬರು ಅರ್ಧ, ಉಳಿದಿಬ್ಬರು ಕೈಮುಗಿಯುವ ಎಮೋಜಿ. ಅಷ್ಟರಲ್ಲಿ ಎಲ್ಲರ ಮೊಬೈಲಿನಲ್ಲೂ ಓಂ ಬೀಚಿನ ನೊರೆಯ ಫೋಟೋ ಡಿಪಿಯಾಗಿರುತ್ತದೆ. ತೆಗೆದವನು ಲೀಡರಾದ್ದರಿಂದ ಅವನು ಒಂದರಲ್ಲೂ ಇರುವುದಿಲ್ಲ. ಇನ್ನು ಈ ಕೆಲಸ ಸಾಕೆಂದು ಅವನು ಪ್ರತಿವರ್ಷ ಶಪಥ ಮಾಡುತ್ತಾನೆ. "ಬಾಕಿ ಮುಂದಿನ ಟ್ರಿಪ್ಪಲ್ಲಿ ಹಿಡ್ಕೋ ಮಗಾ" ಎಂದು ಗೆಳೆಯರು ಒಕ್ಕೊರಲಿನಿಂದ ಬರೆಯುತ್ತಾರೆ. ವಸೂಲಿಗೆ ಬೇರೆ ದಾರಿಯಿಲ್ಲದ್ದರಿಂದ, ಅವನು ಕೇಳುತ್ತಾನೆ: "ಎಲ್ಲಿಗೆ?"