ಬೇಲಿ ಮೇಲಿನ ಸೋರೆಕಾಯಿ

ನಮ್ಮ ಮನೆಗೂ ಬಾಜೂ ಮನೆಗೂ ನಡುವೆ ಎದೆಮಟ್ಟದ ತಂತಿಬೇಲಿ. ಧಾರವಾಡದ ಜಿಟಿಜಿಟಿ ಮಳೆ ಹಿಡಿದರೆ ತಂತಿ ಕಾಣುವುದಿಲ್ಲ, ಬಳ್ಳಿಯೇ ಬೇಲಿಯಾಗುತ್ತದೆ. ಈ ಸಲ ಯಾರೂ ಊರದ ಸೋರೆಬಳ್ಳಿಯೊಂದು ಹಬ್ಬಿತು. ಬುಡ ಅವರ ಕಡೆ, ಕಾಯಿ ನಮ್ಮ ಕಡೆ. ಉದ್ದನೆಯ ಹಾಲುಗುಂಬಳವಲ್ಲ, ಕೊಡದಂತೆ ದುಂಡಗೆ, ಎರಡೂ ಕೈಯಿಂದ ತಬ್ಬುವಷ್ಟು ದೊಡ್ಡದು. ಸಂಜೆ ನೀರು ಬಿಡಲು ಬಂದ ಬಾಜೂ ಮನೆಯ ಅಕ್ಕಾರು ಆಚೆಯಿಂದಲೇ ಕೂಗಿದರು.

“ಅದನ್ನ ಪಲ್ಯಾ ಮಾಡೀರಿ ಮತ್ತ! ಕಹಿ ಜಾತೀದದು, ಬಾಯಾಗ ಇಡಾಕ ಆಗೂದಿಲ್ಲ.”

“ಹಂಗಾರ ಕಿತ್ತು ಒಗದುಬಿಡ್ಲೇನ್ರಿ?”

“ಬ್ಯಾಡ್ರಿ. ಬಳ್ಳ್ಯಾಗ ಒಣಗ್ಲಿ. ನಮ್ಮಪ್ಪ ಇಂಥಾ ಬುರುಡಿ ನಡಕ್ಕ ಕಟ್ಟಿ ನಮ್ಮನ್ನ ಬಾವ್ಯಾಗ ಇಳಸ್ತಿದ್ದ, ಈಜು ಕಲಿಸಾಕ.”

ಅಷ್ಟು ಸಾಕಾಯಿತು ನಮ್ಮಿಬ್ಬರಿಗೆ. ಕತ್ತಲಾದರೂ ಮಾತು ಮುಗಿಯಲಿಲ್ಲ.

ಸೋರೆ ಹೂವು ಬೆಳಗಿನದಲ್ಲ, ಹೊತ್ತು ಇಳಿದ ಮೇಲೆ ಅರಳುವಂಥದು. ಅಪ್ಪಟ ಬಿಳಿ, ಹಳೇ ಧೋತರದಷ್ಟು ತೆಳು. ಇರುಳಿನ ಪತಂಗಗಳು ಕಾಣಲೆಂದೇ ಆ ಬಿಳುಪು. ಮರುದಿನ ಬಿಸಿಲೇರುವಷ್ಟರಲ್ಲಿ ಬಾಡಿ ಜೋತುಬೀಳುತ್ತದೆ. ಕಹಿಯೂ ಗಿಡ ತನ್ನ ಕಾವಲಿಗೆ ಇಟ್ಟುಕೊಂಡದ್ದೇ. ಕಹಿ ಸೋರೆಯ ರಸ ಕುಡಿದು ಜೀವಕ್ಕೆ ಕುತ್ತು ತಂದುಕೊಂಡವರಿದ್ದಾರೆ, ಅಡಿಗೆಮನೆಯಲ್ಲಿ ಹೋಳು ಹೆಚ್ಚಿದ ಕೂಡಲೇ ನಾಲಿಗೆಯ ತುದಿಗೆ ಮುಟ್ಟಿಸಿ ನೋಡುವ ನಮ್ಮ ಅವ್ವಂದಿರ ರೂಢಿ ಸುಮ್ಮನೆ ಬಂದದ್ದಲ್ಲ.

ತಿನ್ನಲು ಬಾರದ ಈ ಕಾಯಿಯೇ ತಂಬೂರಿಯ ಬುರುಡೆ. ಪಂಢರಪುರ, ಮಂಗಳವೇಢೆಯ ಸುತ್ತ ಇದಕ್ಕೆಂದೇ ದಪ್ಪ ಚಿಪ್ಪಿನ ಸೋರೆ ಬೆಳೆಯುತ್ತಾರೆ. ಬಲಿತ ಕಾಯಿ ತಿಂಗಳುಗಟ್ಟಲೆ ಒಣಗಬೇಕು, ಬೆರಳಿನಿಂದ ತಟ್ಟಿದರೆ ಮಡಕೆಯಂತೆ ನುಡಿಯಬೇಕು. ಆಮೇಲೆ ಮಿರಜಿಗೆ ಹೋಗುತ್ತದೆ. ಅಲ್ಲಿ ನೀರಲ್ಲಿ ನೆನೆಸಿ ಮೆತ್ತಗಾಗಿಸಿ, ಕೊರೆದು, ಒಳಗಿನ ತಿರುಳು ಬೀಜ ಕೆರೆದು ತೆಗೆದು, ಮರದ ಕತ್ತು ಕೂಡಿಸುತ್ತಾರೆ. ಈ ಕೆಲಸ ಹಿಡಿದವರು ಶಿಕಲಗಾರರು. ಕತ್ತಿ ಭರ್ಜಿಗಳಿಗೆ ಸಾಣೆ ಹಿಡಿಯುತ್ತಿದ್ದ ಮನೆತನಗಳವು. ರಾಜರ ಕಾಳಗಗಳು ನಿಂತುಹೋದವು, ಆಯುಧ ಕೇಳುವವರಿಲ್ಲವಾದರು. ಆಗ ಅದೇ ಕೈಗಳು ತಂತಿವಾದ್ಯಕ್ಕೆ ತಿರುಗಿದವು. ಇತಿಹಾಸದ ಪುಸ್ತಕಗಳಲ್ಲಿ ಯುದ್ಧ ಗೆದ್ದವರ ಹೆಸರಿಗೆ ಪುಟಗಟ್ಟಲೆ ಜಾಗ. ಕತ್ತಿ ಬಿಟ್ಟು ತಂಬೂರಿ ಹಿಡಿದ ಈ ಮನೆತನಗಳಿಗೂ ಒಂದು ಅಧ್ಯಾಯ ಸಲ್ಲಬೇಕು ಎಂದು ನಾನು ಮನಸಾರೆ ಹೇಳುತ್ತೇನೆ. 2024ರಲ್ಲಿ ಮಿರಜಿನ ಸಿತಾರು, ತಂಬೂರಿಗಳಿಗೆ ಭೌಗೋಳಿಕ ಗುರುತು ಸಿಕ್ಕಿತು, ತಡವಾಗಿಯಾದರೂ ಸಿಕ್ಕಿತಲ್ಲ. ದಕ್ಷಿಣಕ್ಕೆ ಹೋದರೆ ತಂಜಾವೂರಿನ ತಂಬೂರಿಗೆ ಹಲಸಿನ ಮರ. ಅದರ ನಾದ ಬೇರೆ, ಅದರ ಚಂದವೂ ಬೇರೆ.

ನಮ್ಮ ಕಡೆ ‘ಜವಾರಿ’ ಅಂದರೆ ನಾಟಿ, ಈ ಮಣ್ಣಿನದು. ಜವಾರಿ ಬದನೆಕಾಯಿ, ಜವಾರಿ ಬೀಜ. ತಂಬೂರಿಯವರಿಗೂ ‘ಜವಾರಿ’ ಇದೆ. ತಂತಿಯ ಕೆಳಗಿನ ಕುದುರೆಯ ಮೈಯನ್ನು ಕಂಡೂ ಕಾಣದಷ್ಟು ಬಾಗಿಸಿ ಉಜ್ಜಿರುತ್ತಾರೆ, ತಂತಿಗೂ ಕುದುರೆಗೂ ನಡುವೆ ಒಂದೆಳೆ ದಾರ. ಆ ದಾರವನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತಾ ಹೋದರೆ ಒಂದು ಜಾಗದಲ್ಲಿ ತಂತಿ ತಟ್ಟನೆ ತೆರೆದುಕೊಳ್ಳುತ್ತದೆ, ಮಂದ್ರ ಷಡ್ಜದ ಒಳಗಿಂದ ಯಾರೂ ಮೀಟದ ಗಾಂಧಾರ ಕೇಳುತ್ತದೆ. ನಾಲ್ಕು ತಂತಿಯಲ್ಲಿ ಗಾಂಧಾರದ ತಂತಿಯೇ ಇಲ್ಲ, ಆದರೂ ಗಾಂಧಾರ ಇದೆ. ಮೊದಲ ಸಲ ಅದು ನನ್ನ ಕಿವಿಗೆ ಬಿದ್ದಾಗ ಪಕ್ಕದಲ್ಲಿ ಯಾರೋ ಹಾಡಿದರೆಂದು ತಿರುಗಿ ನೋಡಿದ್ದೆ. ಈಗ ಮೊಬೈಲಿನೊಳಗೂ ತಂಬೂರಿ ಬಂದಿದೆ, ರಿಯಾಜಿಗೆ ಅನುಕೂಲವೇ. ಆದರೆ ಮಕ್ಕಳು ಒಮ್ಮೆಯಾದರೂ ನಿಜವಾದ ಬುರುಡೆಗೆ ಕಿವಿಯಿಟ್ಟು ಕೇಳಬೇಕು.

ತಂಬೂರಿಯ ಮಾತು ಬಂತೆಂದರೆ ಹಾಡಿನ ಊರಾದ ಕುಂದಗೋಳ ನೆನಪಾಗದೆ ಇರದು. ಹುಬ್ಬಳ್ಳಿಯ ದಕ್ಷಿಣಕ್ಕೆ ರೈಲುದಾರಿಯಲ್ಲಿರುವ, ಎರೆಮಣ್ಣಿನ ಹೊಲಗಳ ನಡುವಿನ ಊರು. ಹಿಂದೆ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಈ ಸೀಮೆಯ ಕಳಸ ಎಂಬ ಹಳ್ಳಿಯ ಗೋವಿಂದಭಟ್ಟರು ಶಿಶುನಾಳದ ಮುಸಲ್ಮಾನ ಹುಡುಗ ಷರೀಫನನ್ನು ಶಿಷ್ಯನೆಂದು ಒಪ್ಪಿಕೊಂಡರು. ಎರಡೂ ಕಡೆಯವರ ಬಾಯಿಗೆ ಗುರು ಶಿಷ್ಯರಿಬ್ಬರೂ ತುತ್ತಾದರು, ಆದರೂ ಬಿಡಲಿಲ್ಲ. ಷರೀಫಜ್ಜ ತೀರಿಕೊಂಡದ್ದು 1889ರಲ್ಲಿ. ಅದಕ್ಕೆ ಮೂರು ವರ್ಷ ಮೊದಲು ಹುಬ್ಬಳ್ಳಿ ಬಳಿಯ ಅಮರಗೋಳದಲ್ಲಿ ಒಂದು ಬ್ರಾಹ್ಮಣ ಕೂಸು ಹುಟ್ಟಿತ್ತು. ರಾಮಭಾವು ಎಂಬ ಆ ಕೂಸು ಕುಂದಗೋಳದಲ್ಲಿ ಬೆಳೆದು, ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರ ಕಾಲ ಬಳಿ ಕೂತು ಕಲಿತು, ನಾಟಕದ ರಂಗದಲ್ಲೂ ಹಾಡಿ ಸವಾಯಿ ಗಂಧರ್ವರಾದರು. ಒಂದೇ ಸೀಮೆ, ಒಂದು ಕಡೆ ಬ್ರಾಹ್ಮಣ ಗುರು ಮುಸಲ್ಮಾನ ಶಿಷ್ಯ, ಇನ್ನೊಂದು ಕಡೆ ಮುಸಲ್ಮಾನ ಗುರು ಬ್ರಾಹ್ಮಣ ಶಿಷ್ಯ. ಇದನ್ನು ಹೇಳುವಾಗ ಇಂದಿಗೂ ನನ್ನ ಎದೆ ತುಂಬುತ್ತದೆ.

“ನಮ್ಮ ಗಂಗವ್ವನ್ನ ಮರತ್ರ್ಯಾ?” ಅಂದರು ಅಕ್ಕಾರು.

ಮರೆಯಲು ಸಾಧ್ಯವೇ? ಗಂಗೂಬಾಯಿ ಹಾನಗಲ್ 1913ರಲ್ಲಿ ಇದೇ ಧಾರವಾಡದಲ್ಲಿ ಹುಟ್ಟಿದವರು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತ ಹಾಡುತ್ತಿದ್ದರು. ಮಗಳ ಹಿಂದೂಸ್ತಾನಿ ಕಲಿಕೆಗೆ ತೊಡಕಾಗಬಾರದೆಂದು ಆ ತಾಯಿ ತನ್ನ ಹಾಡನ್ನೇ ನಿಲ್ಲಿಸಿದರಂತೆ. ಹಾಡುವುದೇ ಉಸಿರಾಗಿದ್ದವಳು ಬಾಯಿ ಮುಚ್ಚಿ ಕೂತಳೆಂದರೆ ಅದು ಸಣ್ಣ ತ್ಯಾಗವಲ್ಲ. ಹಾಡುವವರ ಮನೆತನ ಎಂಬ ಕಾರಣಕ್ಕೆ ಅವರನ್ನು ದೂರವಿಟ್ಟಿದ್ದ ಕಾಲ ಅದು. ಎಳೆಯ ಗಂಗವ್ವ ಪಕ್ಕದ ಮೇಲ್ಜಾತಿಯವರ ಹಿತ್ತಲಿಗೆ ಮಾವಿನಕಾಯಿ ಕದಿಯಲು ಹೋಗಿ ಸಿಕ್ಕಿಬಿದ್ದಾಗ ಬಂದ ಬೈಗುಳ ಮಾವಿನಕಾಯಿಗಾಗಿ ಅಲ್ಲ. ಹಾಡುವವಳ ಮಗಳು ನಮ್ಮ ಹಿತ್ತಲಿಗೆ ಕಾಲಿಟ್ಟಳಲ್ಲ ಎಂದು. ಮುಂದೆ ಅದೇ ಜನ ಊಟಕ್ಕೆ ಕರೆದದ್ದನ್ನೂ ಅವರು ಹೇಳುತ್ತಿದ್ದರು. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಗಾಂಧೀಜಿಯೆದುರು ಹಾಡಿದ ಆ ಹುಡುಗಿಗೆ ಹಾಡಿನ ಅಂಜಿಕೆ ಇರಲಿಲ್ಲ. ಊಟದ ಹೊತ್ತಿಗೆ ತನ್ನ ಜಾತಿಯ ಕಾರಣಕ್ಕೆ ಏನಾಗುವುದೋ ಎಂಬುದೇ ಅಂಜಿಕೆ.

ಅಂಥ ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗುತ್ತಿದ್ದರು, ಸವಾಯಿ ಗಂಧರ್ವರಲ್ಲಿ ಕಲಿಯಲು. ಒಂದೇ ಸ್ವರಗುಚ್ಛವನ್ನು ಗುರುಗಳು ದಿನಗಟ್ಟಲೆ ತಿದ್ದುತ್ತಿದ್ದರು. ರಾತ್ರಿ ಸ್ಟೇಷನ್ನಿನವರೆಗೆ ಬಿಡಲು ಗುರುಮನೆಯ ಹುಡುಗನೊಬ್ಬ ಬರುತ್ತಿದ್ದ. ಇವತ್ತು ನಿಮಗೆ ಏನು ಹೇಳಿಕೊಟ್ಟರು, ಹಾಡಿ ತೋರಿಸಿ ಎಂದು ದಾರಿಯುದ್ದಕ್ಕೂ ಕೇಳುತ್ತಿದ್ದ. ರೋಣದಲ್ಲಿ ಹುಟ್ಟಿ, ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆ ಕೇಳಿ ಹುಚ್ಚು ಹಿಡಿದು, 11ನೇ ವಯಸ್ಸಿಗೆ ಮನೆ ಬಿಟ್ಟು ಗುರುವನ್ನು ಹುಡುಕಿ ಅಲೆದು ಬಂದಿದ್ದ ಭೀಮಸೇನ ಜೋಶಿಯೇ ಆ ಹುಡುಗ. ಕತ್ತಲ ದಾರಿ, ಕಂದೀಲು, ಇಬ್ಬರ ಬಾಯಲ್ಲೂ ಒಂದೇ ರಾಗ. ಆ ಚಿತ್ರ ಒಮ್ಮೆ ಕಣ್ಣಿಗೆ ಕಟ್ಟಿತೆಂದರೆ ಬಿಡುವುದಿಲ್ಲ.

ಅಬ್ದುಲ್ ಕರೀಂ ಖಾನಸಾಹೇಬರು ತೀರಿಕೊಂಡದ್ದು 1937ರಲ್ಲಿ, ಮದರಾಸಿನಿಂದ ಪುದುಚೇರಿಗೆ ಹೋಗುವ ದಾರಿಯಲ್ಲಿ. ರೈಲಿನಲ್ಲಿ ಎದೆನೋವು ಬಂದು ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ಸ್ಟೇಷನ್ನಿನಲ್ಲಿ ಇಳಿದರು, ತಂಬೂರಿ ಶ್ರುತಿ ಮಾಡಿಸಿ ದೇವರನ್ನು ಹಾಡಿನಲ್ಲೇ ಕರೆಯುತ್ತ ಕಣ್ಣುಮುಚ್ಚಿದರು. ಅವರ ಸಮಾಧಿ ಇರುವುದು ಬುರುಡೆಗಳು ತಂಬೂರಿಯಾಗುವ ಅದೇ ಮಿರಜಿನಲ್ಲಿ.

ಅಕ್ಕಾರ ಮನೆಯೊಳಗೆ ಕುಕ್ಕರು ಮೂರನೇ ಸೀಟಿ ಹೊಡೆಯಿತು. “ಅನ್ನ ಸೀದೀತು” ಎಂದು ಓಡಿದವರು ಬಾಗಿಲಲ್ಲಿ ನಿಂತು ತಿರುಗಿ, “ಕಾಯಿ ಒಣಗಿದ ಮ್ಯಾಲ ಬೀಜ ಅರ್ಧಾ ಅರ್ಧಾ” ಅಂದರು.

ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ನೆನಪಿಗೆ ವರ್ಷಕ್ಕೊಮ್ಮೆ ಇರುಳೆಲ್ಲ ಹಾಡು ನಡೆಯುತ್ತದೆ. ಈ ಸಲ ಮನೆಯ ಮಕ್ಕಳನ್ನು ಕರೆದುಕೊಂಡು ಹೋಗಿ, ಮುಂದೆ ಕೂಡ್ರಿಸಿ. ಹಾಡು ಶುರುವಾಗುವ ಮೊದಲು ತಂಬೂರಿ ಶ್ರುತಿ ಮಾಡುತ್ತಾರಲ್ಲ, ಅದನ್ನು ತಪ್ಪಿಸಬೇಡಿ.