ಹೆಸರಿನಲ್ಲಿ ಆಮ್ಲ, ಕೆಲಸದಲ್ಲಿ ಸುಣ್ಣ

ಮೆಡಿಕಲ್ ಶಾಪಿನಿಂದ ತಂದ ಮಾತ್ರೆಯ ಶೀಟನ್ನು ನನ್ನ ಹೆಂಡತಿ ಕನ್ನಡಕ ಏರಿಸಿ, ಕಿಟಕಿಯ ಬೆಳಕಿಗೆ ಹಿಡಿದು ಓದಿದಳು. "ಆಮ್ಲೋಡಿಪಿನ್. ಆಮ್ಲ ಅಂದ್ರೆ ಆಸಿಡ್ ತಾನೇ? ರೀ, ನಿಮಗೆ ಬಿಪಿನೂ ಇಲ್ಲ, ಏನೂ ಇಲ್ಲ. ಗ್ಯಾಸಿಗೆ ಕೊಟ್ಟಿದಾರೆ. ರಾತ್ರಿ ಹೊತ್ತು ಬೋಂಡ ಬೇಡ ಅಂತ ನಾನು ಬಡ್ಕೊಂಡಿದ್ದು ಕೊನೆಗೂ ಡಾಕ್ಟರಿಗೆ ಗೊತ್ತಾಯ್ತು."

ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ಅವಳ ಕನ್ನಡ ಪಾಂಡಿತ್ಯ ನನಗೆ ಇಷ್ಟು ನೆಮ್ಮದಿ ಕೊಟ್ಟದ್ದು ಅದೇ ಮೊದಲು. ಬೇರೆ ಬೇರೆ ಮೂರು ದಿನ ನೋಡಿದರೂ 160ರ ಕೆಳಗಿಳಿಯದ ನನ್ನ ಬಿಪಿ, ಬರೀ ಬೋಂಡದ ಕಿತಾಪತಿ ಎಂದಾದರೆ ಯಾರಿಗೆ ಬೇಡ! ಆದರೆ ಸಂಜೆ ಮಗ ಆಫೀಸಿನಿಂದ ಬಂದವನು ಶೀಟು ನೋಡಿ, "ಅಮ್ಮಾ, ಇದು ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್. ಬಿಪಿದೇ" ಎಂದು ಆ ನೆಮ್ಮದಿಗೆ ಕಲ್ಲು ಹಾಕಿದ.

"ಚಾನೆಲ್ ಬ್ಲಾಕ್ ಮಾಡೋದಕ್ಕೆ ಮಾತ್ರೆ ಯಾಕೋ? ಇವರು ನೋಡೋ ನ್ಯೂಸ್ ಚಾನೆಲ್ ನಿಲ್ಲಿಸಿದ್ರೆ ಸಾಕು, ಬಿಪಿ ತಾನಾಗೇ ಇಳಿಯತ್ತೆ" ಎಂದಳು ಅವಳು. ಆಮೇಲೆ ಹೊಳೆಯಿತು. "ಕ್ಯಾಲ್ಸಿಯಂ ಬ್ಲಾಕ್ ಮಾಡಿದ್ರೆ ಮೂಳೆ ಗತಿ ಏನು?"

ಮಾರನೇ ದಿನದಿಂದ ನಮ್ಮ ಮನೆಯಲ್ಲಿ ಎರಡು ಹೊತ್ತೂ ರಾಗಿ ಮುದ್ದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆಯಂತೆ. ಮಾತ್ರೆ ತಡೆದಷ್ಟನ್ನೂ ಮುದ್ದೆಯಲ್ಲಿ ತುಂಬಿಕೊಡುವುದು ಅವಳ ಲೆಕ್ಕ. ಬೆಳಗ್ಗೆ ಒಳಗೆ ಹೋದ ಮಾತ್ರೆಗೂ ಮಧ್ಯಾಹ್ನ ಒಳಗೆ ಹೋದ ಮುದ್ದೆಗೂ ನನ್ನ ಹೊಟ್ಟೆಯಲ್ಲಿ ಕುಸ್ತಿ ನಡೆಯುತ್ತಿದೆ ಎಂದು ನಾನೂ ಕೆಲವು ದಿನ ನಂಬಿದ್ದೆ.

ಅಸಲಿಗೆ ಈ ಮಾತ್ರೆಗೂ ಮೂಳೆಗೂ, ಹಾಲಿಗೂ, ರಾಗಿಗೂ ಜಗಳವೇ ಇಲ್ಲ. ರಕ್ತನಾಳದ ಗೋಡೆಯಲ್ಲಿ ಸ್ನಾಯುಗಳಿವೆ. ಆ ಸ್ನಾಯುವಿನ ಒಂದೊಂದು ಜೀವಕೋಶಕ್ಕೂ ಕಿರುಬಾಗಿಲುಗಳಿವೆ. ಅಲ್ಲಿಂದ ಕ್ಯಾಲ್ಸಿಯಂ ಒಳಗೆ ನುಗ್ಗಿದರೆ ಸ್ನಾಯು ಬಿಗಿಯುತ್ತದೆ, ನಾಳ ಕಿರಿದಾಗುತ್ತದೆ, ಒತ್ತಡ ಏರುತ್ತದೆ. ಮಾತ್ರೆ ಆ ಬಾಗಿಲಲ್ಲಿ ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಥರ ಕೂರುತ್ತದೆ. ಅವನು ಯಾರನ್ನೂ ಪೂರ್ತಿ ತಡೆಯುವುದಿಲ್ಲ, ರಿಜಿಸ್ಟರಿನಲ್ಲಿ ಹೆಸರು, ಫೋನ್ ನಂಬರು, ಫ್ಲ್ಯಾಟ್ ನಂಬರು ಬರೆಸಿ ನುಗ್ಗುವವರ ಉತ್ಸಾಹ ಇಳಿಸುತ್ತಾನೆ, ಅಷ್ಟೆ.

ಸುಣ್ಣಕ್ಕೂ, ಅಂದರೆ ಕ್ಯಾಲ್ಸಿಯಂಗೂ, ಹೃದಯಕ್ಕೂ ನಂಟಿದೆ ಎಂದು ಮೊದಲು ಗೊತ್ತಾದದ್ದು ನಲ್ಲಿ ನೀರಿನಿಂದ. ಲಂಡನ್ನಿನ ಸಿಡ್ನಿ ರಿಂಗರ್ ಎಂಬ ವೈದ್ಯರು ಕಪ್ಪೆಯ ಹೃದಯವನ್ನು ಉಪ್ಪಿನ ದ್ರಾವಣದಲ್ಲಿ ಇಟ್ಟು ಮಿಡಿಸಿ ತೋರಿಸಿದರು, ಬರೆದು ಪ್ರಕಟಿಸಿಯೂ ಆಯಿತು. ಆಮೇಲೆ ನೋಡಿದರೆ ಆ ದ್ರಾವಣ ಭಟ್ಟಿ ಇಳಿಸಿದ ನೀರಿನದ್ದಾಗಿರಲಿಲ್ಲ, ಊರಿಗೆ ಪೈಪಿನಲ್ಲಿ ಬರುತ್ತಿದ್ದ ನೀರಿನದ್ದು. ಶುದ್ಧ ನೀರಿನಲ್ಲಿ ಮಾಡಿ ನೋಡಿದರೆ ಹೃದಯ ನಿಂತೇಹೋಯಿತು. ನಲ್ಲಿ ನೀರಿನ ಸುಣ್ಣದ ಅಂಶವೇ ಅದನ್ನು ಮಿಡಿಸುತ್ತಿತ್ತು. 1883ರಲ್ಲಿ ಅವರು ಇದನ್ನು ಮುಚ್ಚಿಡದೆ ಬರೆದರು. ಆಸ್ಪತ್ರೆಯಲ್ಲಿ ಕೈಗೆ ಏರಿಸುವ 'ಆರ್‌ಎಲ್' ಬಾಟಲಿಯ ಆರ್ ಅಂದರೆ ಈ ರಿಂಗರ್ ಅವರೇ. ಜೀವಕೋಶದ ಆ ಕ್ಯಾಲ್ಸಿಯಂ ಬಾಗಿಲನ್ನು ಔಷಧಿಯಿಂದ ಕಾಯಬಹುದು ಎಂದು ಜರ್ಮನಿಯ ಫ್ಲೆಕೆನ್‌ಸ್ಟೈನ್ ತೋರಿಸಿಕೊಡುವುದಕ್ಕೆ 1960ರ ದಶಕ ಬರಬೇಕಾಯಿತು. ರಿಂಗರ್ ಅವರೇನಾದರೂ ನಾವಿರುವ ಬೆಂಗಳೂರಿನ ದೊಡ್ಡನೆಕ್ಕುಂದಿಯಲ್ಲಿ ಪ್ರಯೋಗಕ್ಕೆ ಕೂತಿದ್ದರೆ ಕಥೆ ಬೇರೆಯಾಗುತ್ತಿತ್ತು. ನಮ್ಮ ಬೋರಿನ ಉಪ್ಪುನೀರಿಗೆ ಆರು ತಿಂಗಳಲ್ಲಿ ಗೀಸರಿನ ಕಾಯಿಲ್ ಸುಣ್ಣದ ಗೂಡಾಗುತ್ತದೆ, ನಲ್ಲಿಯ ಬಾಯಿಗೆ ಬಿಳಿ ಗಡ್ಡ ಬೆಳೆಯುತ್ತದೆ. ಕಪ್ಪೆಯ ಹೃದಯ ಮಿಡಿಯುವ ಮಾತು ಹಾಗಿರಲಿ, ಕಲ್ಲಾಗುತ್ತಿತ್ತು.

ಮಾತ್ರೆ ಶುರುವಾದ ಮೇಲೆ ಮಗ ಬಿಪಿ ಮೆಷಿನ್ ತಂದುಕೊಟ್ಟ. ಇಲ್ಲೇ ಹತ್ತಿರದಲ್ಲಿ, ರಿಂಗ್ ರಸ್ತೆಯ ಪಕ್ಕ, ಇಸ್ರೋದವರು ಉಪಗ್ರಹಗಳನ್ನು ಜೋಡಿಸಿ ಪರೀಕ್ಷೆ ಮಾಡುವ ಆವರಣವಿದೆ. ಅಲ್ಲಿ ಒಂದು ಉಪಗ್ರಹಕ್ಕೆ ಎಷ್ಟು ಪರೀಕ್ಷೆಯೋ ಅಷ್ಟೇ ಪರೀಕ್ಷೆ ನನ್ನ ಎಡತೋಳಿಗೂ ಆಯಿತು. ಕಾಫಿ ಕುಡಿದು ಒಂದು ಸಲ, ಟ್ಯಾಂಕರಿನವನ ಜೊತೆ ಜಗಳವಾಡಿ ಬಂದು ಒಂದು ಸಲ, ಮೆಟ್ಟಿಲು ಹತ್ತಿ ಏದುಸಿರಿನಲ್ಲಿ ಇನ್ನೊಂದು ಸಲ. ಪ್ರತಿ ಸಲವೂ ಬೇರೆ ಅಂಕಿ. ಮೆಷಿನ್ ಕೆಟ್ಟಿದೆ ಎಂದು ನಾನು, ಮನುಷ್ಯನೇ ಕೆಟ್ಟಿದ್ದಾನೆ ಎಂದು ಹೆಂಡತಿ. ಕಾಫಿ ಕುಡಿದು ಅರ್ಧ ಗಂಟೆಯಾದರೂ ಆಗಿರಬೇಕು, ಬೆನ್ನು ಒರಗಿಸಿ ಐದು ನಿಮಿಷ ಮಾತಿಲ್ಲದೆ ಕೂತಿರಬೇಕು, ತೋಳು ಎದೆಯ ಮಟ್ಟಕ್ಕಿರಬೇಕು ಎಂದು ಡಾಕ್ಟರು ಹೇಳಿದ್ದರು. ಮಾತಿಲ್ಲದೆ ಐದು ನಿಮಿಷ ಎನ್ನುವುದು ನಮ್ಮ ಮನೆಯಲ್ಲಿ ಅಷ್ಟು ಸುಲಭಕ್ಕೆ ಸಿಗುವ ವಸ್ತುವಲ್ಲ.

ಈ ಮಾತ್ರೆ ಸಾವಧಾನದ ಪ್ರಾಣಿ. ನುಂಗಿದ ದಿನವೇ ಚಮತ್ಕಾರ ತೋರಿಸುವುದಿಲ್ಲ, ಪೂರ್ತಿ ಹಿಡಿತಕ್ಕೆ ಒಂದೆರಡು ವಾರ ಬೇಕು. ದೇಹದಿಂದ ಅರ್ಧ ಇಳಿಯುವುದಕ್ಕೇ 30ರಿಂದ 50 ಗಂಟೆ ತೆಗೆದುಕೊಳ್ಳುತ್ತದೆ. ಹಾಗಾಗಿ ಒಂದು ದಿನ ಮರೆತರೆ ಭೂಮಿ ಬಾಯಿ ಬಿಡುವುದಿಲ್ಲ. ಅದೇ ದಿನ ಬೇಗ ನೆನಪಾದರೆ ನುಂಗುವುದು, ಮರುದಿನದ ಹೊತ್ತು ಹತ್ತಿರ ಬಂದಿದ್ದರೆ ಬಿಟ್ಟುಬಿಡುವುದು. ನಿನ್ನೆಯದು, ಇವತ್ತಿನದು ಎಂದು ಎರಡು ಸೇರಿಸಿ ಬಾಕಿ ತೀರಿಸುವ ವ್ಯವಹಾರ ಮಾತ್ರ ಇಲ್ಲಿ ನಡೆಯುವುದಿಲ್ಲ. ಬೆಳಗ್ಗೆಯೋ ರಾತ್ರಿಯೋ ಎಂಬುದರ ಬಗ್ಗೆ ಮೂರನೇ ಮಹಡಿಯವರಿಗೂ ನನಗೂ ಒಂದು ವಾದವೇ ಆಗಿತ್ತು. ಬ್ರಿಟನ್ನಿನಲ್ಲಿ 21,000ಕ್ಕೂ ಹೆಚ್ಚು ಜನರ ಮೇಲೆ ನೋಡಿ 2022ರಲ್ಲಿ ವ್ಯತ್ಯಾಸವಿಲ್ಲ ಎಂದುಬಿಟ್ಟರು, ನಮ್ಮಿಬ್ಬರ ವಾದ ಅನಾಥವಾಯಿತು.

ಮೂರು ವಾರಕ್ಕೆ ನನ್ನ ಬಿಪಿ 128ಕ್ಕೆ 80. ನಾನು ಹಬ್ಬ ಮಾಡಿದೆ, ಬೋಂಡದ ಹಬ್ಬ. ವಾಸಿಯಾದ ಮೇಲೆ ಮಾತ್ರೆ ಯಾಕೆ? ನಿಲ್ಲಿಸಿದೆ. ಮಳೆಯಲ್ಲಿ ಕೊಡೆ ಹಿಡಿದವನು, ತಲೆ ನೆನೆಯಲಿಲ್ಲವಲ್ಲ, ಮಳೆ ನಿಂತಿರಬೇಕು ಎಂದು ಕೊಡೆ ಮಡಿಸಿದ ಹಾಗೆ. ಮುಂದಿನ ತಿಂಗಳು ಡಾಕ್ಟರು ನೋಡಿದಾಗ ಬಿಪಿ ಮತ್ತೆ 160ರ ಮೇಲೆ. "ಮಾತ್ರೆ ದಿನಾ ತಗೋತಿದೀರಾ?" ಎಂದು ಕೇಳಿದರು. ಮೂವತ್ತು ವರ್ಷ ಇಲ್ಲಿನ ಕೈಗಾರಿಕಾ ಪ್ರದೇಶದ ಫ್ಯಾಕ್ಟರಿಯೊಂದರಲ್ಲಿ ಸ್ಟೋರ್ಸ್ ನೋಡಿಕೊಂಡವನು ನಾನು. ಆಡಿಟ್ ದಿನ ಮುಖ ಹೇಗಿಟ್ಟುಕೊಳ್ಳಬೇಕೆಂದು ಗೊತ್ತು. "ಒಂದು ದಿನವೂ ತಪ್ಪಿಸಿಲ್ಲ ಡಾಕ್ಟ್ರೇ" ಎಂದೆ. ಅವರು ಪಾಪ ನಂಬಿದರು, 5 ಸಾಲದು ಎಂದು 10 ಮಿಲಿಗ್ರಾಂ ಬರೆದರು.

ಎರಡು ವಾರದಲ್ಲಿ ನನ್ನ ಕಾಲು ನನ್ನದಾಗಿ ಉಳಿಯಲಿಲ್ಲ. ಸಂಜೆಯ ಹೊತ್ತಿಗೆ ಪಾದ ಬನ್ನಿನಂತೆ ಊದಿಕೊಳ್ಳುವುದು, ಸಾಕ್ಸ್ ಬಿಚ್ಚಿದರೆ ಕಾಲುವೆ ತೋಡಿದಂತೆ ಗುರುತು. ಹಳೇ ಸುಳ್ಳು ಹೊರಬಿದ್ದೀತೆಂದು ಅದೇ ಡಾಕ್ಟರ ಹತ್ತಿರ ಹೋಗಲಿಲ್ಲ. ಬೇರೊಂದು ಕ್ಲಿನಿಕ್ಕಿಗೆ ಹೋಗಿ, ಬಿಪಿ ಮಾತ್ರೆಯ ಸುದ್ದಿಯನ್ನೇ ಎತ್ತದೆ, "ಕಾಲು ಊತ" ಎಂದಷ್ಟೇ ಹೇಳಿದೆ. ಅವರು ನೀರಿನ ಮಾತ್ರೆ ಕೊಟ್ಟರು. ಅದನ್ನು ಬೆಳಗ್ಗೆ ನುಂಗಿ ಜಯನಗರದ ನೆಂಟರ ಗೃಹಪ್ರವೇಶಕ್ಕೆಂದು ರಿಂಗ್ ರಸ್ತೆಯಲ್ಲಿ 500ಡಿ ಬಸ್ಸು ಹತ್ತಿದೆ. ಮೆಟ್ರೊ ಕಾಮಗಾರಿಯ ಕಂಬಗಳ ನಡುವೆ ಬಸ್ಸು ನಿಂತಿತು. ನಿಂತೇ ಇತ್ತು. ಮಾತ್ರೆ ಮಾತ್ರ ನಿಲ್ಲಲಿಲ್ಲ. ಮುಂದಿನದನ್ನು ವಿವರಿಸುವುದಿಲ್ಲ, ಬಸ್ಸಿನಿಂದ ಧುಮುಕಿ ಒಂದು ಪೆಟ್ರೋಲ್ ಬಂಕಿನ ಕಡೆಗೆ ಅರವತ್ತೊಂದರ ವಯಸ್ಸಿನಲ್ಲಿ ಓಡಿದವನು ನಾನೇ ಎಂದಷ್ಟೇ ಒಪ್ಪಿಕೊಳ್ಳುತ್ತೇನೆ. ಗೃಹಪ್ರವೇಶದ ಊಟ ತಪ್ಪಿತು. ಕಾಲಿನ ಊತ ಹಾಗೇ ಇತ್ತು.

ಕಾರಣ ತಿಳಿಸಿದವನು ಪ್ಲಂಬರ್ ಹುಡುಗ. ಯಾದಗಿರಿ ಕಡೆಯವನು, ಸುಣ್ಣ ಕಟ್ಟಿದ ನಲ್ಲಿ ಬದಲಿಸಲು ಬಂದಿದ್ದ. ನನ್ನ ಕಾಲು ನೋಡಿ "ಸರ, ಕಾಲು ಬಾತಾವಲ್ರಿ" ಎಂದ. ಬಿಪಿ ಮಾತ್ರೆ ಜಾಸ್ತಿ ಮಾಡಿದ ಮೇಲೆ ಹೀಗಾಯಿತು, ಅದು ರಕ್ತದ ಪೈಪು ಅಗಲ ಮಾಡುತ್ತದಂತೆ ಎಂದೆ. ಸ್ಪ್ಯಾನರ್ ಕೆಳಗಿಟ್ಟ. "ಒಳಗ ಬರೋ ಪೈಪ್ ದೊಡ್ಡದು ಮಾಡೀರಿ. ಹೊರಗ ಹೋಗೋದು ಮೊದಲಿನಷ್ಟ ಐತಿ. ನೀರು ಎಲ್ಲಿ ಹೋಗಬೇಕ್ರಿ? ಕೆಳಗಿನ ಜಾಯಿಂಟಿನ್ಯಾಗ ಜಿನುಗತೈತಿ. ನಿಮ್ಮ ಬಿಲ್ಡಿಂಗಿನ್ಯಾಗೂ ಗ್ರೌಂಡ್ ಫ್ಲೋರಿನವರದ ಇದ ಕಂಪ್ಲೇಂಟ್."

ಅಕ್ಷರಶಃ ಸರಿ. ಈ ಮಾತ್ರೆ ಅಪಧಮನಿಯ ಸಣ್ಣ ಕವಲುಗಳನ್ನು ಸಡಿಲಿಸುತ್ತದೆ, ವಾಪಸು ಹೋಗುವ ಅಭಿಧಮನಿಗಳನ್ನು ಅಷ್ಟಾಗಿ ಸಡಿಲಿಸುವುದಿಲ್ಲ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ. ನಡುವಿನ ಒತ್ತಡಕ್ಕೆ ದ್ರವ ಜಿನುಗಿ, ದೇಹದ ಗ್ರೌಂಡ್ ಫ್ಲೋರಾದ ಪಾದಗಳಲ್ಲಿ ನಿಲ್ಲುತ್ತದೆ. ಮೈಯಲ್ಲಿ ನೀರು ಹೆಚ್ಚಾಗಿ ಬಂದ ಊತವಲ್ಲವಾದ್ದರಿಂದ ನೀರಿನ ಮಾತ್ರೆ ಅದಕ್ಕೆ ಹೆಚ್ಚೇನೂ ಮಾಡುವುದಿಲ್ಲ, ಬಸ್ಸಿನಿಂದ ಇಳಿಸುತ್ತದೆ.

ಹುಡುಗನಿಗೆ ಚಹಾ ಕೊಟ್ಟು ಕಳಿಸಿ, ಮೊದಲ ಡಾಕ್ಟರ ಹತ್ತಿರ ಹೋಗಿ ಎಲ್ಲ ಒಪ್ಪಿಕೊಂಡೆ. ಅವರು ಬಯ್ಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. "ಸರ್, ಮಾತ್ರೆ ಬಿಟ್ಟಿದ್ದೆ ಅಂತ ಒಂದು ಮಾತು ಹೇಳಿದ್ರೆ ನಾನು ಹತ್ತು ಬರೀತಿರ್ಲಿಲ್ಲ. ಕಾಲು ಊದ್ತಿರ್ಲಿಲ್ಲ. ನಿಮಗೆ ಹೋಳಿಗೆ ಊಟನೂ ತಪ್ತಿರ್ಲಿಲ್ಲ" ಎಂದು ನಕ್ಕರು. ಆದರೂ ಎರಡು ಕಾಲನ್ನೂ ಒತ್ತಿ ನೋಡಿದರು. ಒಂದೇ ಕಾಲು ಊದಿದರೆ, ಮಲಗಿದಾಗ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ತಲೆ ಸುತ್ತಿ ಬಿದ್ದರೆ, ಅದನ್ನು ಮಾತ್ರೆಯ ತಲೆಗೆ ಕಟ್ಟಿ ಮನೆಯಲ್ಲಿ ಕೂರಬೇಡಿ, ಕೂಡಲೇ ಬನ್ನಿ ಎಂದರು. ರಾತ್ರಿ ಬಾತ್‌ರೂಮಿಗೆ ಏಳುವಾಗ ಮಂಚದ ಅಂಚಿನಲ್ಲಿ ಕ್ಷಣ ಕೂತು ಏಳಿ ಎಂದರು. ಬಾಯಿ ತೆರೆಸಿ ವಸಡನ್ನೂ ನೋಡಿದರು. ಅಪರೂಪಕ್ಕೆ ಈ ಮಾತ್ರೆಗೆ ವಸಡು ಬೆಳೆಯುತ್ತದಂತೆ. ಬೇರೆ ಏನೇನು ನುಂಗುತ್ತೀರಿ ಎಂದು ಕೊಲೆಸ್ಟ್ರಾಲ್ ಮಾತ್ರೆಯಿಂದ ಹಿಡಿದು ಕಷಾಯದವರೆಗೆ ಪಟ್ಟಿ ಮಾಡಿಸಿದರು. ಕ್ಯಾಲ್ಸಿಯಂ ಬಾಗಿಲು ಕಾಯುವ ಈ ಮಾತ್ರೆಗಳ ಮನೆತನದಲ್ಲಿ 'ಡಿಪಿನ್' ಎಂದು ಕೊನೆಯಾಗುವವರು ಒಂದು ಶಾಖೆ. ವೆರಪಮಿಲ್, ಡಿಲ್ಟಿಯಾಜೆಮ್ ಎಂಬ ದಾಯಾದಿಗಳು ಇನ್ನೊಂದು. ದಾಯಾದಿಗಳು ಹೃದಯದ ಬಡಿತಕ್ಕೇ ಕೈ ಹಾಕುವವರು. ಬಡಿತ ಇಳಿಸುವ ಇನ್ನೊಂದು ಮಾತ್ರೆ ಜೊತೆಗೆ ಸೇರಿದರೆ ಗಾಡಿ ತೀರಾ ನಿಧಾನವಾಗಬಹುದು. ಪಕ್ಕದ ಮನೆಯವರ ಬಿಪಿ ಮಾತ್ರೆ ಸಾಲ ತರಬಾರದು ಎನ್ನುವುದು ಇದಕ್ಕೇ.

'ಡಿಪಿನ್'ಗಳ ಮಾತು ಬಂತು, ನಮ್ಮ ಮಾವನವರ ಕಾಲ ನೆನಪಾಯಿತು. ಬಿಪಿ ಜಾಸ್ತಿ ಎಂದ ತಕ್ಷಣ ನಿಫೆಡಿಪಿನ್ ಕ್ಯಾಪ್ಸೂಲಿಗೆ ಪಿನ್ನು ಚುಚ್ಚಿ ನಾಲಿಗೆಯಡಿ ಹಿಂಡುತ್ತಿದ್ದರು. ಒತ್ತಡ ದಡಕ್ಕನೆ ಇಳಿದು, ಮಿದುಳಿಗೂ ಹೃದಯಕ್ಕೂ ರಕ್ತ ಸಾಲದೆ ಅನಾಹುತಗಳಾದವು. 1990ರ ದಶಕದಲ್ಲಿ ಆ ಪದ್ಧತಿ ಬೇಡ ಎಂದು ವೈದ್ಯರೇ ದನಿ ಎತ್ತಿದರು. ಅಂಕಿ ಹೆಚ್ಚು ಕಂಡರೆ ಈಗಲೂ ನಮ್ಮ ವಾಟ್ಸಾಪ್ ಗುಂಪಿನವರು "ಇನ್ನೊಂದು ನುಂಗಿ" ಎನ್ನುವುದುಂಟು. ನಾನು ಕೈಮುಗಿಯುವ ಗುರುತು ಕಳಿಸಿ ಸುಮ್ಮನಾಗುತ್ತೇನೆ.

ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಆಮ್ಲೋಡಿಪಿನ್ ಅನ್ನು 5ಕ್ಕೆ ಇಳಿಸಿ, ಜೊತೆಗೆ ಟೆಲ್ಮಿಸಾರ್ಟಾನ್ ಸೇರಿಸಿದರು. ಎರಡೂ ಒಂದೇ ಮಾತ್ರೆಯಲ್ಲಿ. ಈ ಜೋಡಿಯಲ್ಲಿ ಊತವೂ ಕಡಿಮೆಯಂತೆ. ಹತ್ತು ದಿನದಲ್ಲಿ ನನ್ನ ಹಳೇ ಪಾದಗಳು ಕಾಣಬೇಕಿತ್ತು. ಕಾಣಲಿಲ್ಲ. ಈ ಸಲ ನಾನು ಸುಳ್ಳು ಹೇಳಿರಲಿಲ್ಲ ಎಂಬುದೇ ವಿಚಿತ್ರ.

ನಮ್ಮ ಊರಿನ ಹೆಸರನ್ನು ಇಂಗ್ಲಿಷ್ ಬೋರ್ಡುಗಳಲ್ಲಿ ಒಬ್ಬರು ಒಂದು 'ಕೆ' ಹಾಕಿ ಬರೆಯುತ್ತಾರೆ, ಇನ್ನೊಬ್ಬರು ಎರಡು 'ಕೆ' ಹಾಕಿ. ಕೊರಿಯರ್ ಹುಡುಗ ಯಾವುದನ್ನು ಓದಿದರೂ ಇಲ್ಲಿಗೇ ಬರುತ್ತಾನೆ. ಮಾತ್ರೆಗಳೂ ಹಾಗೆ. ಕಂಪನಿಗೊಂದು ಹೆಸರು, ಒಳಗಿರುವ ಆಸಾಮಿ ಒಬ್ಬನೇ. ಊತ ಇಳಿಯದ ಕಾರಣ ತಿಳಿಯಲೆಂದು ಮೆಡಿಕಲ್ ಶಾಪಿನವನ ಮುಂದೆ ನನ್ನ ಮಾತ್ರೆ ಡಬ್ಬಿ ಬಗ್ಗಿಸಿದೆ. ಅವನು ಶೀಟಿನ ಸಣ್ಣಕ್ಷರಕ್ಕೆ ಬೆರಳಿಟ್ಟ. "ಅಂಕಲ್, ಹೆಸರಿನ ಕೊನೆಗೆ 'ಎಎಮ್' ಅಂತ ಬಾಲ ಇದೆ ನೋಡಿ. ಎಎಮ್ ಅಂದ್ರೆ ಆಮ್ಲೋಡಿಪಿನ್. ಹಳೇ ಶೀಟಲ್ಲಿರೋದೂ ಅದೇ. ಎರಡೂ ತಗೋತಿದೀರಾ?" ಮೊದಲಿನ 5ರ ಶೀಟಿನಲ್ಲಿ ಇನ್ನೂ ಆರು ಮಾತ್ರೆ ಉಳಿದಿದ್ದವು, ದುಡ್ಡು ಕೊಟ್ಟದ್ದು ಎಂದು ಎಸೆಯಲು ಮನಸ್ಸಾಗದೆ ಜೊತೆಗೇ ನುಂಗಿ ಮುಗಿಸುತ್ತಿದ್ದೆ. ಐದು ಮತ್ತು ಐದು ಹತ್ತು. ಸ್ಟೋರ್ಸಿನಲ್ಲಿ ಹಳೇ ಸ್ಟಾಕು ಖಾಲಿ ಮಾಡಿಯೇ ಹೊಸದು ತೆಗೆಯುವ ನಿಯಮವನ್ನಾದರೂ ಪಾಲಿಸಿದ್ದರೆ ಆಗುತ್ತಿತ್ತು. ನಾನು ಎರಡನ್ನೂ ಒಟ್ಟಿಗೆ ಇಶ್ಯೂ ಮಾಡಿದ್ದೆ.

ಈಗ ಪಾದ ಚಪ್ಪಲಿಯೊಳಗೆ ಹೋಗುತ್ತದೆ. ಬಿಪಿ ಕ್ಯಾಲೆಂಡರಿನ ಚೌಕಗಳಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲಿದೆ.

ಮೊನ್ನೆ ಷಡ್ಡಕರು ದೇವನಹಳ್ಳಿಯಿಂದ ಒಂದು ಚಕ್ಕೋತ ತಂದರು. ತಿಳಿಹಸಿರು, ಮಗುವಿನ ತಲೆಯಷ್ಟು ದಪ್ಪ. ಹೆಂಡತಿ ಸುಲಿಯಲು ಕೂತಳು, ಮಗ ಅಡ್ಡ ಬಂದ. 1980ರ ದಶಕದಲ್ಲಿ ಕೆನಡಾದ ಡೇವಿಡ್ ಬೇಲಿ ಎಂಬ ವಿಜ್ಞಾನಿ ಫೆಲೋಡಿಪಿನ್ ಮತ್ತು ಮದ್ಯದ ಮೇಲೆ ಪ್ರಯೋಗ ಮಾಡುವಾಗ, ಮದ್ಯದ ರುಚಿ ತಿಳಿಯಬಾರದೆಂದು ಗ್ರೇಪ್‌ಫ್ರೂಟ್ ರಸ ಬೆರೆಸಿದರಂತೆ. ರಕ್ತದಲ್ಲಿ ಔಷಧಿ ಲೆಕ್ಕಕ್ಕಿಂತ ಬಹಳ ಹೆಚ್ಚಾಯಿತು. ತಪ್ಪಿತಸ್ಥ ಮದ್ಯವಲ್ಲ, ಹಣ್ಣು. ಔಷಧಿಯನ್ನು ಕರಗಿಸಿ ಖಾಲಿ ಮಾಡುವ ಕಿಣ್ವವನ್ನೇ ಅದು ಸುಮ್ಮನಾಗಿಸಿತ್ತು. ಗ್ರೇಪ್‌ಫ್ರೂಟಿನ ತಾಯಿ-ತಂದೆಯರಲ್ಲಿ ಒಂದು ಕಿತ್ತಳೆ, ಇನ್ನೊಂದು ಚಕ್ಕೋತ. ಕಿಣ್ವವನ್ನು ಸುಮ್ಮನಾಗಿಸುವ ಆ ರಾಸಾಯನಿಕ ಚಕ್ಕೋತದಲ್ಲೂ ಇದೆ.

"ಡಾಕ್ಟರನ್ನ ಕೇಳದೆ ಮುಟ್ಟಬೇಡಿ ಅಪ್ಪ" ಎಂದ. ನಾನೂ ಈಗ ಕೇಳುವ ಮನುಷ್ಯನಾಗಿದ್ದೇನಲ್ಲ, ಫೋನು ಹಚ್ಚಿದೆ. ಎರಡು ಸಲ ಬ್ಯುಸಿ. ಮೂರನೇ ಸಲಕ್ಕೆ ಎತ್ತಿದರು. "ಫೆಲೋಡಿಪಿನ್ ಆಗಿದ್ರೆ ಬೇಡ ಅಂತಿದ್ದೆ. ನಿಮ್ಮ ಮಾತ್ರೆಗೆ ಅದರ ಪ್ರಭಾವ ಕಡಿಮೆ. ದಿನಾ ಲೋಟಗಟ್ಟಲೆ ಜ್ಯೂಸ್ ಬೇಡ, ಅಪರೂಪಕ್ಕೆ ಎರಡು ತೊಳೆ ತಿನ್ನಿ ಸರ್" ಎಂದರು.

ಫೋನಿಟ್ಟು ತಿರುಗಿದೆ. ತಟ್ಟೆಯಲ್ಲಿ ಸಿಪ್ಪೆ, ಬಿಳಿ ನಾರು, ನಾಲ್ಕು ಬೀಜ. "ನಿಮಗೆ ಆಗಲ್ಲ ಅಂತ ನಾನೇ ಮುಗಿಸಿಬಿಟ್ಟೆ ಕಣ್ರೀ" ಎಂದು ಹೆಂಡತಿ ಬೆರಳಿಗೆ ಅಂಟಿದ್ದ ಉಪ್ಪು-ಖಾರ ಚೀಪುತ್ತಿದ್ದಳು.