ಗ್ವಾಡಿ ನಂದು, ಗದ್ದಲ ನಿಂದು

ಬೆಟಗೇರಿಯ ಮನೆ ಮಾಲಕರೊಬ್ಬರ ಬಾಡಿಗೆ ಕರಾರು ನೋಡಿದೆ. ಸಿಗರೇಟು ಸೇದಬಾರದು, ಗದ್ದಲ ಮಾಡಬಾರದು, ಗೋಡೆಗೆ ಮೊಳೆ ಹೊಡೆಯಬಾರದು. ಅವಧಿ ಮಾತ್ರ ಹನ್ನೊಂದೇ ತಿಂಗಳು. ವರ್ಷ ಮೀರಿದರೆ 1908ರ ನೋಂದಣಿ ಕಾಯ್ದೆ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಎಳೆಯುತ್ತದಲ್ಲ! ಹೀಗೆ ಕಾನೂನಿನಿಂದ ಒಂದು ತಿಂಗಳು ದೂರ ನಿಂತವರು, ಬಾಡಿಗೆಯವ ಮಾತ್ರ ಕಾನೂನುಬದ್ಧವಾಗಿ ಉಸಿರಾಡಲಿ ಅನ್ನುತ್ತಾರೆ.

ಮಹಡಿಯಲ್ಲಿ ಬಾಡಿಗೆಗಿದ್ದ ಹುಡುಗ ಮಾಳಿಗೆ ಮೇಲೆ ಸಿಗರೇಟು ಹಚ್ಚಿದ. ಮಾಲಕರು ಬಾಯಲ್ಲಿದ್ದ ಗುಟ್ಕಾವನ್ನು ಕಂಪೌಂಡ್ ಗೋಡೆಯ ಮೂಲೆಗೆ ಉಗುಳಿ, ಬಾಯಿ ಖಾಲಿ ಮಾಡಿಕೊಂಡು ಕೂಗಿದರು:

"ತಮ್ಮಾ, ಕರಾರಿನ್ಯಾಗ ಏನ್ ಬರದೈತಿ?"

"ಕಾಕಾ, ಉಗುಳೂದರ ಬಗ್ಗೆ ಏನೂ ಬರದಿಲ್ಲೇನ್ರಿ?"

"ಗ್ವಾಡಿ ನಂದೈತಲೇ!"

2003ರ ತಂಬಾಕು ಕಾಯ್ದೆ ತಡೆಯುವುದು ಸಾರ್ವಜನಿಕ ಸ್ಥಳದ ಧೂಮಪಾನವನ್ನು. ಮನೆಯೊಳಗಿನ ಹೊಗೆಗೆ ಕರಾರೇ ಗತಿ.

ಗದ್ದಲದ ಕಥೆ ಇನ್ನೂ ಚಂದ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45. ಇದು 2000ದ ಶಬ್ದಮಾಲಿನ್ಯ ನಿಯಮ. ಹುಡುಗನ ಸ್ಪೀಕರ್ ಹತ್ತೂವರೆಗೆ ಹಾಡಿದರೆ ಮಾಲಕರು 112ಕ್ಕೆ ಫೋನ್ ಹಚ್ಚುತ್ತಾರೆ. ಗಣಪತಿ ಕಳಿಸುವ ದಿನ ಓಣಿಯ ಕಮಿಟಿಗೆ ಅವರೇ ಅಧ್ಯಕ್ಷರು. ಡಿಜೆ ಬಡಿತಕ್ಕೆ ಅವರದೇ ಕಿಟಕಿಯ ಗಾಜು ನಡುಗುತ್ತದೆ. "ದೇವರ ಕೆಲಸಕ್ಕ ಡೆಸಿಬಲ್ ಹಚ್ಚಬ್ಯಾಡ್ರಿ" ಅನ್ನುತ್ತಾರೆ. ಮಗ್ಗದ ಖಟಖಟ ಕೇಳುತ್ತಲೇ ನಿದ್ದೆ ಹೋಗುತ್ತಿದ್ದ ಊರಿದು. ಈಗ ಬಾಡಿಗೆಯವನ ಫೋನ್ ರಿಂಗಾದರೂ ಎಚ್ಚರವಾಗುತ್ತದೆ.

ಸರಿ, ಹುಡುಗನನ್ನು ಮನೆ ಬಿಡಿಸುವುದು ಹೇಗೆ? ವಕೀಲರು 1882ರ ಆಸ್ತಿ ವರ್ಗಾವಣೆ ಕಾಯ್ದೆ ತೆರೆದರು. ತಿಂಗಳ ಬಾಡಿಗೆಯಾದರೆ ಹದಿನೈದು ದಿನದ ನೋಟಿಸು. ಅವಧಿ ಮುಗಿಯುವ ಮೊದಲೇ ಷರತ್ತು ಮುರಿದನೆಂದು ಬಿಡಿಸಬೇಕೇ? ಮುರಿದರೆ ಮನೆ ಮರಳಿ ವಶಕ್ಕೆ ಪಡೆಯುವ ಹಕ್ಕು ಕರಾರಿನಲ್ಲೇ ಇರಬೇಕು, ಲಿಖಿತ ನೋಟಿಸೂ ಕೊಡಬೇಕು. ಕರಾರು ತಿರುವಿದರೆ ಮೊಳೆಯ ಬಗ್ಗೆ ಮೂರು ಸಾಲಿದೆ, ಈ ಹಕ್ಕಿನ ಬಗ್ಗೆ ಒಂದಕ್ಷರವಿಲ್ಲ. ಟೈಪಿಂಗ್ ಅಂಗಡಿಯವ ಹಳೇ ಕರಾರಿನ ಹೆಸರಷ್ಟೇ ಬದಲಿಸಿದ್ದ. ನೋಟಿಸಿಗೂ ಹುಡುಗ ಜಗ್ಗದಿದ್ದರೆ ಕೋರ್ಟು. ಸಾಮಾನು ಬೀದಿಗೆ ಎಸೆದರೆ ಮಾಲಕರೇ ಆರೋಪಿ.

ಅಷ್ಟು ಕಾಯುವ ವ್ಯವಧಾನ ಯಾರಿಗಿದೆ? ಮಾಲಕರು ತಮಗೆ ಗೊತ್ತಿದ್ದ ಕಾನೂನಿಗೇ ಬಂದರು: ಮೋಟರ್ ಸ್ವಿಚ್ ತೆಗೆದು ಮಹಡಿಗೆ ನೀರು ಬಂದ್ ಮಾಡಿದರು. ನಳದ ದಾರಿಯನ್ನು ದಿನಗಟ್ಟಲೆ ಕಾಯುವ ಗದಗ-ಬೆಟಗೇರಿಯಲ್ಲಿ!

ನಾಲ್ಕನೇ ದಿನ ಹುಡುಗ ಕೊಡ ಹಿಡಿದು ಕೆಳಗಿಳಿದ.

"ಕಾಕಾ, ನೀರು ನೀವ ಬಂದ್ ಮಾಡೀರೋ, ನಳಾನ ಬಂದಿಲ್ಲೋ? ಸಿಟ್ಟು ಯಾರ ಮ್ಯಾಲೆ ಮಾಡ್ಕೋಬೇಕು, ಅದನ್ನಾರ ಹೇಳ್ರಿ."